ನ್ಯೂಯಾರ್ಕಿನಲ್ಲಿ ಹೊರಗೆ ಊಟ: ಕ್ವೀನ್ಸ್‌ನಿಂದ ಶುರುಮಾಡಿ

ಟೈಮ್ಸ್ ಸ್ಕ್ವೇರ್ ಸುತ್ತಮುತ್ತ ಊಟ ಹುಡುಕಬೇಡಿ. ದುಡ್ಡು ಹೆಚ್ಚು, ರುಚಿ ಅಷ್ಟಕ್ಕಷ್ಟೆ. 7ನೇ ನಂಬರಿನ ಸಬ್‌ವೇ ರೈಲು ಹತ್ತಿ ನಗರದ ಪೂರ್ವ ಭಾಗವಾದ ಕ್ವೀನ್ಸ್‌ಗೆ ಬನ್ನಿ. 44 ಇಂಚಿನೊಳಗಿನ ಎತ್ತರದ ಮಕ್ಕಳಿಗೆ ಟಿಕೆಟ್ ಬೇಡ. ದೊಡ್ಡವರೊಬ್ಬರ ಜೊತೆ ಮೂರು ಮಕ್ಕಳವರೆಗೆ ಬರಬಹುದು.

ಕೊನೆಯ ನಿಲ್ದಾಣ ಫ್ಲಶಿಂಗ್ ಮೇನ್ ಸ್ಟ್ರೀಟ್. ಅಲ್ಲಿಂದ ಸುಮಾರು ಒಂದು ಮೈಲಿ ನಡೆದರೆ ಬೌನ್ ಸ್ಟ್ರೀಟಿನ ಗಣೇಶ ದೇವಸ್ಥಾನ. 1977ರಲ್ಲಿ ಪ್ರತಿಷ್ಠೆಯಾದ ಈ ಗುಡಿಯ ನೆಲಮಾಳಿಗೆಯ ಕ್ಯಾಂಟೀನ್ ಪೂರ್ತಿ ಸಸ್ಯಾಹಾರಿ. ಕೌಂಟರಿನಲ್ಲಿ ಆರ್ಡರ್ ಕೊಟ್ಟು, ನಂಬರ್ ಕರೆದಾಗ ನೀವೇ ತಟ್ಟೆ ತಂದುಕೊಳ್ಳಬೇಕು. ವಾರಾಂತ್ಯ ಮತ್ತು ಹಬ್ಬದ ಮಧ್ಯಾಹ್ನ ಜನ ಜಾಸ್ತಿ; ಚಿಕ್ಕ ಮಕ್ಕಳಿದ್ದರೆ ಬೇಗ ಹೋಗಿ.

ಫ್ಲಶಿಂಗ್ ಪೇಟೆಯ ತುಂಬ ಚೀನೀ ಹೋಟೆಲುಗಳು. ಸಸ್ಯಾಹಾರಿಗಳು ಎಡವುವುದು ಇಲ್ಲೇ. "ಇದು ವೆಜ್ಜಾ?" ಎಂದು ಕೇಳಿದರೆ ಸಾಲದು, ತರಕಾರಿ ತಿನಿಸು ಅಂದರೆ ತರಕಾರಿ ಹೆಚ್ಚಿರುವುದು ಎಂದಷ್ಟೇ ಅರ್ಥ ಮಾಡಿಕೊಂಡು ಹೌದು ಅನ್ನುತ್ತಾರೆ. ಸೊಪ್ಪಿನ ಪಲ್ಯಕ್ಕೂ ಸಿಂಪಿಯಿಂದ ಮಾಡಿದ ಆಯ್ಸ್ಟರ್ ಸಾಸ್ ಬಿದ್ದಿರಬಹುದು, ಮಾಪೋ ತೋಫು ಎಂಬ ಖಾರದ ಸೋಯಾ ಪನೀರಿನ ತಿನಿಸಿನಲ್ಲಿ ಸಾಮಾನ್ಯವಾಗಿ ಕೊಚ್ಚಿದ ಮಾಂಸ ಇರುತ್ತದೆ. ಪದಾರ್ಥದ ಹೆಸರು ಹಿಡಿದು ಕೇಳಿ. ಥಾಯ್ ಹೋಟೆಲಿನಲ್ಲಿ ಫಿಶ್ ಸಾಸ್, ಮೆಕ್ಸಿಕನ್ ಹೋಟೆಲಿನ ಬೀನ್ಸ್‌ನಲ್ಲಿ ಹಂದಿಕೊಬ್ಬು, ಯಾವ ಹೋಟೆಲಿನದೇ ಆಗಲಿ ಸೂಪಿನಲ್ಲಿ ಚಿಕನ್ ಸ್ಟಾಕ್, ಅಂದರೆ ಕೋಳಿ ಬೇಯಿಸಿದ ನೀರು, ಇರಬಹುದು. ಮೊಟ್ಟೆ ತಿನ್ನದವರು ಅದನ್ನು ಬೇರೆಯಾಗಿಯೇ ಹೇಳಬೇಕು, ಇಲ್ಲಿ ಮೊಟ್ಟೆ ಸಸ್ಯಾಹಾರದ ಲೆಕ್ಕ. ಈರುಳ್ಳಿ ಬೆಳ್ಳುಳ್ಳಿ ಬಿಟ್ಟವರು ಚೀನೀ ಬೌದ್ಧರ ಸಸ್ಯಾಹಾರಿ ಹೋಟೆಲು ಹುಡುಕಿ. ಆ ಸಂಪ್ರದಾಯದಲ್ಲಿ ಅವೆರಡೂ ನಿಷಿದ್ಧ. ಆದರೂ ಆರ್ಡರ್ ಕೊಡುವ ಮುಂಚೆ ಒಂದು ಮಾತು ಕೇಳಿಕೊಳ್ಳಿ. ಮಾಂಸದಂತೆ ಕಾಣುವ ತುಂಡುಗಳು ಸೋಯಾ ಇಲ್ಲವೇ ಗೋಧಿಯವು, ಗಾಬರಿ ಬೇಡ.

ಅದೇ 7ರಲ್ಲಿ ಹಿಂತಿರುಗುವಾಗ ಜಾಕ್ಸನ್ ಹೈಟ್ಸ್‌ನ 74ನೇ ಬೀದಿಯಲ್ಲಿ ಇಳಿಯಿರಿ. ಪಟೇಲ್ ಬ್ರದರ್ಸ್‌ನಲ್ಲಿ ದಿನಸಿಯೂ ಆಗುತ್ತದೆ. ಟಿಬೆಟಿಯನ್ನರ, ನೇಪಾಳಿಗಳ ಮೊಮೊ ಇಲ್ಲಿ ಚೆನ್ನಾಗಿರುತ್ತದೆ, ಆದರೆ ಒಳಗೆ ಹೆಚ್ಚಾಗಿ ದನದ ಮಾಂಸ. ವೆಜ್ ಮೊಮೊ ಕೊಟ್ಟರೂ ಬೇಯಿಸುವ ಪಾತ್ರೆ ಬೇರೆಯೇ ಎಂದು ವಿಚಾರಿಸಿ. ರೂಸ್‌ವೆಲ್ಟ್ ಅವೆನ್ಯೂದಲ್ಲಿ ಕೊಲಂಬಿಯಾದವರ ಚೀಸ್ ಅರೇಪಾ, ಅಂದರೆ ಮೆಕ್ಕೆಜೋಳದ ದಪ್ಪ ರೊಟ್ಟಿ, ಮಕ್ಕಳಿಗೆ ಹಿಡಿಸುತ್ತದೆ, ಖಾರವಿಲ್ಲ.

ಇಥಿಯೋಪಿಯಾದ ಹೋಟೆಲು ಕಂಡರೆ ತಪ್ಪಿಸಬೇಡಿ. ಇಂಜೆರಾ ನಮ್ಮ ಹುಳಿ ದೋಸೆಯ ನೆಂಟ. "ಫಾಸ್ಟಿಂಗ್", ಅಂದರೆ ಉಪವಾಸದ, ತಿನಿಸು ಕೇಳಿದರೆ ಬೆಣ್ಣೆ ಕೂಡ ಇಲ್ಲದ ಬೇಳೆ, ಸೊಪ್ಪು ಬರುತ್ತದೆ.

ಹೋಟೆಲಿನ ಕಿಟಕಿಯಲ್ಲಿ ನಗರದ ಆರೋಗ್ಯ ಇಲಾಖೆಯ ಅಕ್ಷರ ನೋಡಿ. ತಪಾಸಣೆಯಲ್ಲಿ ಕಂಡ ತಪ್ಪುಗಳಿಗೆ ಬೀಳುವ ಅಂಕ 13ರವರೆಗೆ 'ಎ', 14ರಿಂದ 27ಕ್ಕೆ 'ಬಿ', ಅದಕ್ಕೂ ಮೇಲೆ 'ಸಿ'. ಅಂಕ ಕಡಿಮೆಯಿದ್ದಷ್ಟೂ ಒಳ್ಳೆಯದು.

ಬಿಲ್ಲಿನ ಮೇಲೆ 8.875% ತೆರಿಗೆ ಬೀಳುತ್ತದೆ. ಕೂತು ಉಂಡರೆ ಟಿಪ್ 18ರಿಂದ 20%. ತೆರಿಗೆಯನ್ನು ಎರಡರಿಂದ ಗುಣಿಸಿ, ಸ್ವಲ್ಪ ಸೇರಿಸಿ. ಬಡಿಸುವವರ ಸಂಪಾದನೆ ಬಹುಪಾಲು ಇದರಿಂದಲೇ, ಬಿಡಬೇಡಿ. ದೊಡ್ಡ ಗುಂಪಾದರೆ ಕೆಲವು ಹೋಟೆಲುಗಳು ಟಿಪ್ಪನ್ನು ಮೊದಲೇ ಸೇರಿಸಿರುತ್ತವೆ. ಸಹಿ ಹಾಕುವ ಮುಂಚೆ "ಗ್ರಾಚುಯಿಟಿ" (ಅಂದರೆ ಟಿಪ್) ಎಂಬ ಸಾಲು ಹುಡುಕಿ, ಅದನ್ನು ಗಮನಿಸದಿದ್ದರೆ ಎರಡು ಸಲ ಕೊಟ್ಟಂತಾಗುತ್ತದೆ.