ಫ್ಲೇರ್ ಗ್ಯಾಸಿನಲ್ಲಿ ಜನ್‌ಸೆಟ್ ಓಡಿಸಿದ್ದು: ನನ್ನ ಅನುಭವ

ಬಾವಿಯಲ್ಲಿ ಎಣ್ಣೆ ಜೊತೆ ಬಂದು ಫ್ಲೇರಿನಲ್ಲಿ (ಬೇಡದ ಗ್ಯಾಸನ್ನು ಸುಟ್ಟುಬಿಡುವ ಕೊಳವೆ) ಉರಿದುಹೋಗುತ್ತಿದ್ದ ಗ್ಯಾಸಿನಿಂದಲೇ ಜನ್‌ಸೆಟ್ (ಎಂಜಿನ್ ಜೋಡಿಸಿದ ಜನರೇಟರ್) ಓಡಿಸಿ, ಈಗ ನಮ್ಮ ಎಣ್ಣೆ ಫೀಲ್ಡಿಗೆ ಬೇಕಾದ ಅಷ್ಟೂ ಕರೆಂಟು ತಯಾರಾಗುತ್ತಿದೆ. ವರ್ಷದ ಮೇಲಾಯ್ತು. ಇದು ಆಗಲ್ಲ ಅಂದವರೇ ಜಾಸ್ತಿ. ಎಂಜಿನ್ ಮಾರಿದವನೇ "ಸರ್, ಇದು ಪೈಪ್‌ಲೈನ್ ಗ್ಯಾಸಿನ ಮಷೀನು, ನಿಮ್ಮ ಗ್ಯಾಸಿಗೆ ಮೂರು ತಿಂಗಳೂ ಬಾಳಲ್ಲ" ಅಂದಿದ್ದ. ಗುಜರಾತ್, ಅಸ್ಸಾಂ, ಒಮಾನ್ ಕಡೆ ಸಣ್ಣ ಫೀಲ್ಡುಗಳಲ್ಲಿರುವ ನಮ್ಮವರಿಗೆ ಉಪಯೋಗವಾಗಲಿ ಅಂತ ಬರೆಯುತ್ತಿದ್ದೇನೆ.

ನಮ್ಮದು ಅಹಮದಾಬಾದಿನಿಂದ ಮೆಹ್ಸಾಣಕ್ಕೆ ಹೋಗುವ ಕಡೆ, ಖಂಭಾತ್ ಬೇಸಿನ್ ಅನ್ನುವ ಎಣ್ಣೆ ಪ್ರದೇಶದ ಸಣ್ಣ ಫೀಲ್ಡು. ಆರೇಳು ಬಾವಿ, ಎಲ್ಲವೂ ರಾಡ್ ಪಂಪು (ಸರಳು ಮೇಲೆ ಕೆಳಗೆ ಆಡಿ ಎಣ್ಣೆ ಎತ್ತುವಂಥದ್ದು). ದಿನಕ್ಕೆ ಸುಮಾರು 2,000 ಘನ ಮೀಟರ್ ಗ್ಯಾಸ್. ಹೀಟರ್ ಟ್ರೀಟರ್ (ಎಣ್ಣೆ ಕಾಯಿಸಿ ನೀರು ಬೇರ್ಪಡಿಸುವ ಟ್ಯಾಂಕು) ಬರ್ನರಿಗೆ ಹೋಗಿ ಉಳಿದ 1,400–1,500 ಸೀದಾ ಫ್ಲೇರಿಗೆ ಹೋಗುತ್ತಿತ್ತು. ಪೈಪ್‌ಲೈನ್ ಎಳೆದು ಮಾರುವಷ್ಟು ಅಲ್ಲ, ಸುಮ್ನೆ ಸುಡುವಷ್ಟು ಕಡಿಮೆಯೂ ಅಲ್ಲ. ಅದೇ ಹೊತ್ತಿಗೆ ಪಂಪುಗಳಿಗೆ ದಿನಕ್ಕೆ 400 ಲೀಟರ್ ಡೀಸೆಲ್ ಬೇಕಿತ್ತು. ಲೀಟರಿಗೆ 90 ರೂಪಾಯಿ ಹತ್ತಿರ. ತಿಂಗಳಿಗೆ ಹತ್ತು ಲಕ್ಷ ದಾಟುತ್ತಿತ್ತು. ಫ್ಲೇರಿನ ಬೆಳಕಿನಲ್ಲೇ ಡೀಸೆಲ್ ಟ್ಯಾಂಕರ್ ಖಾಲಿ ಮಾಡಿಸುವುದು ನನಗೆ ಸಹಿಸಲಾಗುತ್ತಿರಲಿಲ್ಲ.

ಸೆಕೆಂಡ್ ಹ್ಯಾಂಡ್ 125 ಕೆವಿಎ ಗ್ಯಾಸ್ ಎಂಜಿನ್ ಹದಿನೆಂಟು ಲಕ್ಷಕ್ಕೆ ಸಿಕ್ಕಿತು. ಎಣ್ಣೆಯಿಂದ ಗ್ಯಾಸ್ ಬೇರ್ಪಡಿಸುವ ಸೆಪರೇಟರಿನಲ್ಲಿ ಮೂರೂವರೆ ಕೆ.ಜಿ. ಪ್ರೆಶರ್ ಇತ್ತು. ಅಲ್ಲಿಂದ ನಾಕ್ ಔಟ್ ಡ್ರಮ್ (ಗ್ಯಾಸಿನಲ್ಲಿರುವ ಹನಿ ಹಿಡಿಯುವ ಡ್ರಮ್ಮು), ಪ್ರೆಶರ್ ಇಳಿಸುವ ರೆಗ್ಯುಲೇಟರ್ ದಾಟಿಸಿ ಎಂಜಿನ್ನಿಗೆ ಕೊಟ್ಟೆವು. ಮೊದಲ ದಿನವೇ ನಾಕಿಂಗ್ (ಸಿಲಿಂಡರಿನಲ್ಲಿ ಗ್ಯಾಸ್ ತಾನಾಗಿ ಸಿಡಿಯುವುದು) ಶುರು. ಕಬ್ಬಿಣದ ಡಬ್ಬಿಯಲ್ಲಿ ಕಲ್ಲು ಹಾಕಿ ಅಲ್ಲಾಡಿಸಿದ ಹಾಗೆ ಸದ್ದು. ನಮ್ಮ ಗ್ಯಾಸಿನಲ್ಲಿ ನಾಕಿಂಗ್ ತರುವ ಪ್ರೊಪೇನ್, ಬ್ಯುಟೇನ್ ಜಾಸ್ತಿ ಅಂತ ಗೊತ್ತಿತ್ತು. ಆದರೆ ಅದಕ್ಕಿಂತ ಭಾರದ ಭಾಗ ಹಬೆಯಾಗಿ ಬಂದು, ರೆಗ್ಯುಲೇಟರ್ ದಾಟಿದ ಮೇಲೆ ತಣ್ಣಗಾಗಿ ದ್ರವವಾಗುತ್ತಿತ್ತು. ಫಿಲ್ಟರ್ ಬಿಚ್ಚಿದರೆ ಪೆಟ್ರೋಲ್ ವಾಸನೆಯ ದ್ರವ ಅರ್ಧ ಬಟ್ಟಲು. ಒಂದು ಪಿಸ್ಟನ್ ಹೋಯ್ತು, ಎರಡು ಲಕ್ಷ ಹೋಯ್ತು. ಹನಿ ಬೇರ್ಪಡಿಸುವ ದೊಡ್ಡ ಸ್ಕ್ರಬ್ಬರ್ ಹಾಕಿ ನೋಡಿದೆವು. ಚಳಿಗಾಲದಲ್ಲಿ ಚೆನ್ನಾಗಿ ಓಡಿತು. ಏಪ್ರಿಲ್ ಬಿಸಿಲು ಏರಿದ್ದೇ ತಡ, ಮತ್ತೆ ಅದೇ ಕಥೆ. ಹೆಡ್ ಆಫೀಸಿನಿಂದ ಫೋನ್ ಬಂತು: "ಡೀಸೆಲ್ಲಿಗೇ ವಾಪಸ್ ಹೋಗಿ."

ಗ್ಯಾಸನ್ನು ತಣ್ಣಗೆ ಮಾಡಿ ಭಾರದ ಭಾಗವನ್ನು ಎಂಜಿನ್ನಿಗೆ ಮೊದಲೇ ದ್ರವವಾಗಿ ಇಳಿಸುವ, ಚಳಿಗಾಲ ಮಾಡಿದ ಕೆಲಸವನ್ನು ನಾವೇ ಮಾಡಬೇಕು ಅನ್ನುವುದು ಆಗ ಖಚಿತವಾಯಿತು. ಗ್ಯಾಸ್ ಚಿಲ್ಲರ್‌ಗೆ ಕೊಟೇಶನ್ ತರಿಸಿದರೆ ಮೂವತ್ತು ಲಕ್ಷದ ಮೇಲೆ. ಮೆಹ್ಸಾಣ ಅಂದರೆ ಹಾಲಿನ ಜಿಲ್ಲೆ. ಹಳ್ಳಿ ಹಳ್ಳಿಯಲ್ಲೂ ಹಾಲು ತಣ್ಣಗೆ ಮಾಡುವ ಯೂನಿಟ್ ಇದೆ, ಅದನ್ನು ರಿಪೇರಿ ಮಾಡುವವರೂ ಇದ್ದಾರೆ. ಅಂಥದ್ದೊಂದು ಹಳೇ ಯೂನಿಟ್ಟಿನ ಕಂಪ್ರೆಸರ್ ಭಾಗ ಮಾತ್ರ ಎರಡೂವರೆ ಲಕ್ಷಕ್ಕೆ ತಂದೆ. ಅದನ್ನು ಹಜಾರ್ಡಸ್ ಏರಿಯಾದಿಂದ (ಗ್ಯಾಸಿಗೆ ಬೆಂಕಿ ಹತ್ತುವ ಅಪಾಯವಿರುವ ಜಾಗ) ಆಚೆ, ನಿಯಮದ ಅಂತರ ಬಿಟ್ಟು ಇಟ್ಟೆವು. ಗ್ಯಾಸಿನ ಹತ್ತಿರ ಹೋಗುವುದು ಅಲ್ಲಿಂದ ತಂಪು ಹೊತ್ತು ತರುವ ಗ್ಲೈಕಾಲ್ ದ್ರವ ಮಾತ್ರ. ಆಯಿಲ್ ಮೈನ್ಸ್ ನಿಯಮ (2017) ಓದದೆ ಈ ಕೆಲಸಕ್ಕೆ ಕೈ ಹಾಕಬೇಡಿ.

ಮೊದಲು ಗ್ಯಾಸನ್ನು ಸೊನ್ನೆ ಡಿಗ್ರಿಗಿಂತ ಕೆಳಗೆ ಇಳಿಸಿ ನೋಡಿದೆವು. ಒಂದೇ ರಾತ್ರಿಗೆ ಪೈಪಿನ ಎಲ್ಬೋದಲ್ಲಿ (ತಿರುವಿನಲ್ಲಿ) ಐಸ್ ಕಟ್ಟಿತು. ಈಗ 4–5 ಡಿಗ್ರಿಯಲ್ಲಿ ನಿಲ್ಲಿಸಿದ್ದೇವೆ. ತಣ್ಣಗಾದ ಗ್ಯಾಸನ್ನು ಎಂಜಿನ್ನಿನ ಬಿಸಿ ನೀರಿನಿಂದಲೇ ಮತ್ತೆ ಬೆಚ್ಚಗೆ ಮಾಡಿ ಕೊಡುತ್ತೇವೆ. ಇದು ಮುಖ್ಯ. ಇಲ್ಲದಿದ್ದರೆ ಲೈನಿನಲ್ಲಿ ಮತ್ತೆ ಹನಿ ಬೀಳುತ್ತದೆ. ಬ್ಯುಟೇನ್ ಪೂರ್ತಿ ಹೋಗಲ್ಲ, ಪ್ರೊಪೇನ್ ಅಂತೂ ಹೋಗುವುದೇ ಇಲ್ಲ. ಅದಕ್ಕೇ ಎಂಜಿನ್ನಿನಲ್ಲಿ ಕಿಡಿ ಹೊತ್ತುವ ಟೈಮಿಂಗ್ ಹಿಂದಕ್ಕೆ ಹಾಕಿ, ಲೋಡು 60–65 ಪರ್ಸೆಂಟ್ ಮೀರದಂತೆ ಇಟ್ಟಿದ್ದೇವೆ. ಎಷ್ಟು ಡಿಗ್ರಿ ಹಿಂದಕ್ಕೆ, ಗ್ಯಾಸಿಗೆ ಗಾಳಿ ಬೆರೆಸುವ ಮಿಕ್ಸರಿನಲ್ಲಿ ಏನು ಬದಲಾಯಿಸಿದೆವು ಅನ್ನುವುದು ಸದ್ಯಕ್ಕೆ ನಮ್ಮಲ್ಲೇ ಇರಲಿ. ಒಂದೊಂದು ಫೀಲ್ಡಿನ ಗ್ಯಾಸ್ ಒಂದೊಂದು ಥರ, ನಮ್ಮ ನಂಬರ್ ನಿಮ್ಮ ಪಿಸ್ಟನ್ ಉಳಿಸುವುದೂ ಇಲ್ಲ.

ಗ್ಯಾಸ್ ಒಂದೇ ಸಮ ಬರಲ್ಲ ಅನ್ನುವುದು ಇನ್ನೊಂದು ತಕರಾರು. ಬಿದ್ದಿದ್ದ 8 ಇಂಚಿನ ಪೈಪುಗಳನ್ನು ಜೋಡಿಸಿ, ಹೈಡ್ರೋಟೆಸ್ಟ್ (ನೀರು ತುಂಬಿ ಪ್ರೆಶರ್ ಪರೀಕ್ಷೆ) ಮಾಡಿಸಿ, ಗ್ಯಾಸ್ ಕೂಡಿಡುವ ಬಫರ್ ಮಾಡಿಕೊಂಡೆವು. ಜೊತೆಗೆ ಎರಡು ಬಾವಿಗಳ ಕೇಸಿಂಗಿನಲ್ಲಿ (ಬಾವಿಯ ಹೊರ ಪೈಪು) ಸೇರುವ ಗ್ಯಾಸನ್ನು, ಹಿಂದಕ್ಕೆ ಬರದಂತೆ ಚೆಕ್ ವಾಲ್ವ್ ಹಾಕಿ, ಎಣ್ಣೆ ಹೋಗುವ ಫ್ಲೋಲೈನಿಗೆ ಬಿಟ್ಟು ನೋಡಿದೆ. ಅದು ಬೇರೆಯದೇ ಲಾಭ ಕೊಟ್ಟಿತು. ಕೇಸಿಂಗ್ ಪ್ರೆಶರ್ ಇಳಿದ ಮೇಲೆ ಒಂದು ಬಾವಿಯಲ್ಲಿ ಪಂಪು ಚೆನ್ನಾಗಿ ತುಂಬತೊಡಗಿತು, ಎಣ್ಣೆ ದಿನಕ್ಕೆ ಒಂದೆರಡು ಬ್ಯಾರಲ್ ಜಾಸ್ತಿ ಬಂತು. ಇನ್ನೊಂದರಲ್ಲಿ ಏನೂ ಬದಲಾಗಲಿಲ್ಲ. ಚಿಲ್ಲರಿನ ಕೆಳಗೆ ಸಿಗುವ ಕಂಡೆನ್ಸೇಟನ್ನು (ಗ್ಯಾಸಿನಿಂದ ಇಳಿದ ದ್ರವ) ಹೀಟರ್ ಟ್ರೀಟರ್ ಮುಂದೆ ಕ್ರೂಡಿಗೇ ಸೇರಿಸುತ್ತೇವೆ. ದಿನಕ್ಕೆ ನೂರು ಲೀಟರ್ ಹತ್ತಿರ. ಒಂದೇ ಸಲ ಬಿಟ್ಟರೆ ಟ್ಯಾಂಕಿನಲ್ಲಿ ಆವಿಯಾಗಿ ಹೋಗುತ್ತದೆ, ನಿಧಾನಕ್ಕೆ ಬಿಡಿ.

ಎಂಜಿನ್, ಚಿಲ್ಲರ್, ಪೈಪು, ಪಿಸ್ಟನ್ ಎಲ್ಲ ಸೇರಿ ಮೂವತ್ತು ಲಕ್ಷದ ಆಸುಪಾಸು ಆಯ್ತು. ರಿಪೇರಿಗೆ ನಿಂತ ದಿನಗಳನ್ನು ಕಳೆದರೂ ಏಳೆಂಟು ತಿಂಗಳಲ್ಲಿ ದುಡ್ಡು ವಾಪಸ್. ಎಂಜಿನ್ ಮಾರಿದವನು ಈಗ ತನ್ನ ಬೇರೆ ಗಿರಾಕಿಗಳನ್ನು ನಮ್ಮ ಸೈಟಿಗೆ ಕರೆತಂದು ತೋರಿಸುತ್ತಾನೆ.

ಎಂಜಿನ್ ತಿನ್ನುವುದು ದಿನಕ್ಕೆ 450–500 ಘನ ಮೀಟರ್ ಅಷ್ಟೇ. ಫ್ಲೇರ್ ಸಣ್ಣದಾಗಿದೆ, ಆರಿಲ್ಲ. 2030ಕ್ಕೆ ಮಾಮೂಲಿ ಫ್ಲೇರಿಂಗ್ ನಿಲ್ಲಿಸಬೇಕು ಅಂತ ವಿಶ್ವಬ್ಯಾಂಕ್ 2015ರಿಂದ ಹೇಳುತ್ತಿದೆ. ಉಳಿದ ಗ್ಯಾಸಿಗೆ ಪಕ್ಕದ ಫೀಲ್ಡಿನವರ ಜೊತೆ ಮಾತು ನಡೆದಿದೆ. ಅವರಿಗೂ ಡೀಸೆಲ್ಲೇ ಗತಿ, ನಡುವೆ ಎರಡು ಕಿಲೋಮೀಟರ್ ಹತ್ತಿ ಹೊಲ. ಗ್ಯಾಸ್ ಪೈಪು ಹಾಕುವುದೋ ಕೇಬಲ್ ಎಳೆಯುವುದೋ ಅನ್ನುವ ಲೆಕ್ಕ ಇನ್ನೂ ಮುಗಿದಿಲ್ಲ. ನನ್ನ ಮನಸ್ಸು ಕೇಬಲ್ ಕಡೆಗಿದೆ.