ದಣಿದ ಮೈಗೆ ವೇಗ ಕಲಿಸಲಾಗದು: ಸ್ಪ್ರಿಂಟ್ ಈಜಿನಿಂದ ಕೋಚಿಂಗ್‌ವರೆಗೆ ನನ್ನ ಅನುಭವ

50 ಮೀಟರ್ ಫ್ರೀಸ್ಟೈಲ್ ಈಜುವ ಮಕ್ಕಳನ್ನು ತಯಾರು ಮಾಡುವುದು ನನ್ನ ಕೆಲಸ. ಅದಕ್ಕೂ ಮೊದಲು ಬಹಳ ವರ್ಷ ನಾನೇ ಅದನ್ನು ಈಜಿದ್ದೇನೆ. ರಾಜ್ಯ ಮಟ್ಟದಲ್ಲಿ ಗೆದ್ದೆ, ನ್ಯಾಷನಲ್ಸ್‌ನಲ್ಲಿ ಚಿನ್ನ ಬಂತು, ಅದರ ಮೇಲೆ ಸ್ಪೋರ್ಟ್ಸ್ ಕೋಟಾದಲ್ಲಿ ಕೆಲಸವೂ ಸಿಕ್ಕಿತು. ಈಗ ದಕ್ಷಿಣ ಬೆಂಗಳೂರಿನ ಒಂದು ಪೂಲ್‌ನಲ್ಲಿ ಬೆಳಿಗ್ಗೆ ಐದೂವರೆಗೆ ಸ್ಟಾಪ್‌ವಾಚ್ ಹಿಡಿದು ನಿಲ್ಲುತ್ತೇನೆ. ಹೊಸದಾಗಿ ಬರುವ ಅಪ್ಪ ಅಮ್ಮಂದಿರು ಮೊದಲು ಕೇಳುವುದು ಒಂದೇ ಪ್ರಶ್ನೆ. “ಮೇಡಂ, ದಿನಕ್ಕೆ ಎಷ್ಟು ಲ್ಯಾಪ್ ಹೊಡೆಸ್ತೀರಾ?” ಅವರಿಗೆ ನಿಂತಲ್ಲೇ ಹೇಳುವ ಉತ್ತರವನ್ನು ಇಲ್ಲಿ ಸ್ವಲ್ಪ ವಿವರವಾಗಿ ಬರೆಯುತ್ತಿದ್ದೇನೆ.

ನಾನು ಈಜು ಕಲಿತದ್ದು ತೊಂಬತ್ತರ ದಶಕದ ಕೊನೆಯಲ್ಲಿ. ಆಗ ಬೆಂಗಳೂರಿನಲ್ಲಿ ಈಜುವ ಹುಡುಗಿಯರಿಗೆ ಕಣ್ಣೆದುರಿಗೇ ದೊಡ್ಡ ಹೆಸರುಗಳಿದ್ದವು. 2000ದಲ್ಲಿ ನಿಶಾ ಮಿಲೆಟ್ ಸಿಡ್ನಿ ಒಲಿಂಪಿಕ್ಸ್‌ಗೆ ಹೋದರು. 2004ರಲ್ಲಿ ಶಿಖಾ ಟಂಡನ್ ಅಥೆನ್ಸ್‌ನಲ್ಲಿ 50 ಮತ್ತು 100 ಮೀಟರ್ ಫ್ರೀಸ್ಟೈಲ್ ಈಜಿದರು. ನಮ್ಮೂರಿನವರೇ ಅಲ್ಲಿಯವರೆಗೆ ಹೋಗಿದ್ದಾರೆ ಅನ್ನುವುದು ನನಗೆ ಬಹಳ ದೊಡ್ಡ ಧೈರ್ಯ. ಪೇಪರಿನಲ್ಲಿ ಬಂದ ಫೋಟೊಗಳನ್ನು ಕತ್ತರಿಸಿ ಬೀರುವಿನ ಬಾಗಿಲಿಗೆ ಅಂಟಿಸಿದ್ದೆ.

ಆಗ ಅಭ್ಯಾಸ ಅಂದರೆ ದೂರ. 1500 ಮೀಟರ್ ಈಜುವವರಿಗೂ 50 ಮೀಟರ್ ಈಜುವವರಿಗೂ ಒಂದೇ ಸೆಟ್. ಎರಡು ಗಂಟೆ ಈಜಿ ತೋಳು ಬಿದ್ದುಹೋದ ಮೇಲೆ ಕೊನೆಯಲ್ಲಿ ನಾಲ್ಕು ಸ್ಪ್ರಿಂಟ್. ನನ್ನ ಟೈಮಿಂಗ್ ಒಂದು ಹಂತಕ್ಕೆ ಬಂದು ನಿಂತುಬಿಟ್ಟಿತು. ಆಮೇಲೆ ಸಿಕ್ಕ ಕೋಚ್ ಸರ್ ಇಡೀ ಕ್ರಮವನ್ನೇ ತಿರುಗಿಸಿದರು. ವಾರ್ಮ್ ಅಪ್ ಆದ ತಕ್ಷಣ ಸ್ಪ್ರಿಂಟ್, ಅದೂ ಬರೀ 15 ಮೀಟರ್. ಒಂದು ಮುಗಿದ ಮೇಲೆ ಎರಡು ಮೂರು ನಿಮಿಷ ಸುಮ್ನೆ ನಿಲ್ಲಬೇಕು. ಪಕ್ಕದ ಲೇನಿನವರು ಉಸಿರುಗಟ್ಟಿ ಈಜುತ್ತಿರುವಾಗ ಹಾಗೆ ನಿಲ್ಲುವುದಕ್ಕೆ ಮೊದಮೊದಲು ಸಂಕೋಚವಾಗುತ್ತಿತ್ತು. “ನಿಂತ್ಕೊಳ್ಳೋದೂ ನಿನ್ನ ಸೆಟ್ಟೇ ಕಣಮ್ಮ” ಅನ್ನುತ್ತಿದ್ದರು ಸರ್. ಮುಂದಿನ ಸೀಸನ್‌ನಲ್ಲಿ ನನ್ನ ಟೈಮಿಂಗ್ ಮತ್ತೆ ಇಳಿಯತೊಡಗಿತು.

ಇದರ ಕಾರಣ ಮೈಯೊಳಗೇ ಇದೆ. ಪೂರ್ತಿ ವೇಗದಲ್ಲಿ ಒದೆಯುವಾಗ ಸ್ನಾಯು ಮೊದಲು ಬಳಸುವುದು ತನ್ನೊಳಗೆ ಕೂಡಿಟ್ಟ ಕ್ರಿಯಾಟಿನ್ ಫಾಸ್ಫೇಟ್ ಅನ್ನುವ ಇಂಧನವನ್ನು. ಅದು ಹೆಚ್ಚುಕಡಿಮೆ 10 ಸೆಕೆಂಡಿನಲ್ಲಿ ಖಾಲಿ. ಮತ್ತೆ ತುಂಬಲು ಮೂರು ನಿಮಿಷವಾದರೂ ಬೇಕು. ಅಷ್ಟು ಬಿಡುವು ಕೊಡದೆ ಮತ್ತೆ ಓಡಿಸಿದರೆ ಮಗು ಈಜುತ್ತದೆ, ಆದರೆ ಪೂರ್ತಿ ವೇಗದಲ್ಲಿ ಈಜುವುದಿಲ್ಲ. ಅದನ್ನೇ ಪದೇ ಪದೇ ಮಾಡಿದರೆ ಮೈ ಆ ನಿಧಾನವನ್ನೇ ಕಲಿತುಬಿಡುತ್ತದೆ. ಎಣ್ಣೆ ಕಾಯದೆ ಸಾಸಿವೆ ಸಿಡಿಯುವುದಿಲ್ಲ, ಇದೂ ಹಾಗೇ.

ಹಾಗಂತ ಹತ್ತು ವರ್ಷದ ಮಗುವನ್ನು ಸ್ಪ್ರಿಂಟರ್ ಅಂತ ಬೇರೆ ಮಾಡುವುದನ್ನು ನಾನು ಒಪ್ಪುವುದಿಲ್ಲ. ಆ ವಯಸ್ಸಿನಲ್ಲಿ ನಾಲ್ಕೂ ಸ್ಟ್ರೋಕ್ ಬರಬೇಕು, 400 ಮೀಟರ್ ಕೂಡ ಖುಷಿಯಾಗಿ ಈಜಬೇಕು. ಆದರೆ ದಿನಾ ಹತ್ತು ನಿಮಿಷ, ಮೈ ಹೊಸದಾಗಿರುವಾಗ, ಪೂರ್ತಿ ವೇಗ ಏನು ಅಂತ ಗೊತ್ತಾಗಬೇಕು.

ಕೆಲಸದಲ್ಲಿದ್ದುಕೊಂಡೇ ಕೋಚ್‌ಗಳಿಗೆ ತರಬೇತಿ ಕೊಡುವ ರಾಷ್ಟ್ರೀಯ ಕ್ರೀಡಾ ಸಂಸ್ಥೆಯ (ಎನ್‌ಐಎಸ್) ಆರು ವಾರದ ಸರ್ಟಿಫಿಕೇಟ್ ಕೋರ್ಸ್ ಮುಗಿಸಿ ಕೋಚಿಂಗ್‌ಗೆ ಬಂದೆ. ಈಜುವಾಗ ನೀರು ಕೈಗೆ ಸಿಕ್ಕಿತೋ ಇಲ್ಲವೋ ಅಂತ ಮೈಗೆ ಗೊತ್ತಾಗುತ್ತಿತ್ತು. ದಡದಲ್ಲಿ ನಿಂತರೆ ಆ ಸುಳಿವು ಇಲ್ಲ. ಕಣ್ಣಿನಿಂದಲೇ ಹುಡುಕಬೇಕು. ಅದಕ್ಕೆ ನಾನು ನಿಲ್ಲುವ ಜಾಗ 15 ಮೀಟರಿನ ಗುರುತಿನ ಹತ್ತಿರ. ಫೋನಿನಲ್ಲಿ ಸ್ಲೋ ಮೋಷನ್ ಹಾಕಿ ಬ್ಲಾಕ್‌ನಿಂದ, ಅಂದರೆ ಧುಮುಕುವ ಕಟ್ಟೆಯಿಂದ, ತಲೆ ನೀರಿನ ಮೇಲೆ ಬರುವವರೆಗೆ ಹಿಡಿಯುತ್ತೇನೆ, ಮಗುವಿಗೆ ಅಲ್ಲೇ ತೋರಿಸುತ್ತೇನೆ. 50 ಮೀಟರ್ ರೇಸಿನ ಬಹುಪಾಲು ಅಲ್ಲಿಯೇ ತೀರ್ಮಾನವಾಗುತ್ತದೆ ಅನ್ನುವುದು ನನ್ನ ಗಟ್ಟಿ ನಂಬಿಕೆ.

ಧುಮುಕಿ ನೀರಿಗೆ ಸೇರುವ ಕ್ಷಣದಲ್ಲಿ ಇರುವಷ್ಟು ವೇಗ ಆಮೇಲೆ ಎಷ್ಟೇ ಕೈ ಬೀಸಿದರೂ ಬರುವುದಿಲ್ಲ. ಆ ವೇಗವನ್ನು ಎಷ್ಟು ದೂರ ಉಳಿಸಿಕೊಂಡೆವು ಅನ್ನುವುದೇ ಪ್ರಶ್ನೆ. ಕೈ ಸೇರಿದ ಜಾಗದಲ್ಲೇ ತಲೆ, ಸೊಂಟ, ಕಾಲು ಎಲ್ಲವೂ ಒಳಗೆ ಹೋಗಬೇಕು. ಹೊಟ್ಟೆ ಬಡಿದರೆ ಅಲ್ಲಿಗೆ ವೇಗ ಸತ್ತಿತು. ಆಮೇಲೆ ಡಾಲ್ಫಿನ್ ಕಿಕ್, ಅಂದರೆ ಎರಡೂ ಕಾಲು ಜೋಡಿಸಿ ಅಲೆಯಂತೆ ಒದೆಯುವುದು. ಮೇಲ್ಮೈಗಿಂತ ಸ್ವಲ್ಪ ಕೆಳಗೆ ಅಲೆಯ ತಡೆ ಕಡಿಮೆ. ಅದಕ್ಕೇ ಚೆನ್ನಾಗಿ ಕಿಕ್ ಮಾಡುವವರು ನೀರೊಳಗೆ ಜಾಸ್ತಿ ವೇಗವಾಗಿ ಹೋಗುತ್ತಾರೆ. ಆದರೆ 15 ಮೀಟರಿಗೆ ತಲೆ ಮೇಲೆ ಬಂದಿರಲೇಬೇಕು. ಫ್ರೀಸ್ಟೈಲ್ ಮತ್ತು ಬಟರ್‌ಫ್ಲೈಗೆ ಈ ನಿಯಮ 1998ರಲ್ಲಿ ಬಂತು. ಕಿಕ್ ಇನ್ನೂ ಬಲವಾಗಿಲ್ಲದ ಮಕ್ಕಳಿಗೆ ಎಂಟು ಹತ್ತು ಮೀಟರಿಗೇ ಮೇಲೆ ಬನ್ನಿ ಅನ್ನುತ್ತೇನೆ. ದೊಡ್ಡವರ ವಿಡಿಯೋ ನೋಡಿ ಒಳಗೇ ಉಳಿದರೆ ಇರುವ ವೇಗವೂ ಹೋಗುತ್ತದೆ.

ನಾವು ಈಜುವಾಗ ಬ್ಲಾಕ್ ಮೇಲೆ ಹಿಂದಿನ ಕಾಲಿಗೆ ಒರಗಲು ಏನೂ ಇರುತ್ತಿರಲಿಲ್ಲ. ಇಳಿಜಾರಾದ ಆ ಹಿಂಬದಿ ಪಟ್ಟಿ ಒಲಿಂಪಿಕ್ಸ್‌ನಲ್ಲಿ ಮೊದಲು ಬಂದದ್ದು 2012ರ ಲಂಡನ್‌ನಲ್ಲಿ. ಹಿಂದಿನ ಕಾಲಿನ ಬಲ ಪೂರ್ತಿ ಸಿಗುವುದು ಅದರಿಂದಲೇ. ನಗರದ ಎಷ್ಟೋ ಪೂಲ್‌ಗಳಲ್ಲಿ ಈಗಲೂ ಅದಿಲ್ಲ. ಅಲ್ಲಿ ಅಭ್ಯಾಸ ಮಾಡುವ ಮಕ್ಕಳನ್ನು ದೊಡ್ಡ ಮೀಟ್‌ಗೆ ಒಂದು ದಿನ ಮುಂಚೆಯೇ ಕರೆದುಕೊಂಡು ಹೋಗಿ ಆ ಬ್ಲಾಕ್ ಮೇಲೆ ಹತ್ತಿಸಬೇಕು. ಇದನ್ನು ಯಾವ ಕೋಚ್ ಕೂಡ ತಪ್ಪಿಸಬಾರದು.

ಉಸಿರಿನ ವಿಷಯ. 50 ಮೀಟರಿನಲ್ಲಿ ಪ್ರತಿ ಸಲ ತಲೆ ತಿರುಗಿಸಿದಾಗಲೂ ಮೈಯ ಗೆರೆ ಸ್ವಲ್ಪ ಮುರಿಯುತ್ತದೆ. ದೊಡ್ಡ ಈಜುಗಾರರಲ್ಲಿ ಎಷ್ಟೋ ಜನ ಒಂದೇ ಉಸಿರು ತೆಗೆದುಕೊಳ್ಳುತ್ತಾರೆ, ಕೆಲವರು ಅದನ್ನೂ ಇಲ್ಲ. ನಾನು ಮೂವತ್ತು ಮೀಟರ್ ದಾಟಿದ ಮೇಲೆ ಒಂದು ತೆಗೆದುಕೊಳ್ಳುತ್ತಿದ್ದೆ. ಮಕ್ಕಳಿಗೆ ಮೂರರಿಂದ ಶುರು ಮಾಡಿಸಿ ನಿಧಾನವಾಗಿ ಇಳಿಸುತ್ತೇನೆ. ಇಲ್ಲಿ ಒಂದು ಮಾತನ್ನು ಜೋರಾಗಿ ಹೇಳಲೇಬೇಕು. ನೀರೊಳಗೆ ಯಾರು ಜಾಸ್ತಿ ಹೊತ್ತು ಉಸಿರು ಕಟ್ಟುತ್ತಾರೆ ಅನ್ನುವ ಆಟ ನನ್ನ ಪೂಲ್‌ನಲ್ಲಿ ಇಲ್ಲ. ಜೋರಾಗಿ ಉಸಿರಾಡಿ ಮುಳುಗಿದರೆ ಉಸಿರು ಬೇಕು ಅನ್ನುವ ಸೂಚನೆ ತಡವಾಗಿ ಬರುತ್ತದೆ, ಅಷ್ಟರಲ್ಲಿ ಮೆದುಳಿಗೆ ಆಮ್ಲಜನಕ ಸಾಲದೆ ಎಚ್ಚರ ತಪ್ಪಬಹುದು. ಚೆನ್ನಾಗಿ ಈಜು ಬರುವವರೇ ಹೀಗೆ ಮುಳುಗಿ ಸಾಯುತ್ತಾರೆ. ಸದ್ದೇ ಆಗುವುದಿಲ್ಲ. ಮನೆಯಲ್ಲೂ, ರೆಸಾರ್ಟಿಗೆ ಹೋದಾಗಲೂ ಮಕ್ಕಳಿಗೆ ಇದನ್ನು ಹೇಳಿ.

ಕೊನೆಯ ಐದು ಮೀಟರಿಗೆ ಲೇನ್ ಹಗ್ಗದ ಬಣ್ಣ ಬದಲಾಗುತ್ತದೆ. ಅದು ಕಂಡ ಮೇಲೆ ಉಸಿರಿಲ್ಲ, ಪಕ್ಕ ನೋಡುವುದಿಲ್ಲ, ಜಾರಿಕೊಂಡು ಹೋಗುವುದಿಲ್ಲ. ಬೆರಳ ತುದಿಯಿಂದ ಗೋಡೆ ಮುಟ್ಟಬೇಕು. ಇದಕ್ಕೆ ನಾನು ಮಕ್ಕಳಿಗೆ ಹೇಳುವುದು 2018ರ ಜಕಾರ್ತಾ ಏಷ್ಯನ್ ಗೇಮ್ಸ್ ವಿಷಯ. ಬೆಂಗಳೂರಿನಲ್ಲೂ ತರಬೇತಿ ಪಡೆದಿದ್ದ ವೀರಧವಳ್ ಖಾಡೆ 50 ಮೀಟರ್ ಫ್ರೀಸ್ಟೈಲ್ ಫೈನಲ್‌ನಲ್ಲಿ 22.47 ಸೆಕೆಂಡಿನಲ್ಲಿ ಮುಟ್ಟಿದರು. ಕಂಚು ಗೆದ್ದವರದು 22.46. ಲೆಕ್ಕ ಹಾಕಿದರೆ ಆ ವೇಗದಲ್ಲಿ ಇದು ಎರಡು ಸೆಂಟಿಮೀಟರ್ ಚಿಲ್ಲರೆ. 2010ರಲ್ಲಿ ಗುವಾಂಗ್‌ಝೌನಲ್ಲಿ 50 ಮೀಟರ್ ಬಟರ್‌ಫ್ಲೈ ಕಂಚು ಗೆದ್ದು, 1986ರ ನಂತರ ಏಷ್ಯನ್ ಗೇಮ್ಸ್ ಈಜಿನಲ್ಲಿ ಭಾರತಕ್ಕೆ ಮೊದಲ ಪದಕ ತಂದವರೂ ಅವರೇ. ಅಂಥವರಿಗೂ ಇಷ್ಟು ಸಣ್ಣ ಅಂತರ ಎದುರಾಗುತ್ತದೆ. ಈ ಕಥೆ ಕೇಳಿದ ದಿನ ಮಕ್ಕಳು ಗೋಡೆ ಮುಟ್ಟುವುದೇ ಬೇರೆ ಥರ.

ಬೆಂಗಳೂರಿನಲ್ಲಿ ಇನ್ನೊಂದು ಕಷ್ಟ ಇದೆ, ಲೇನ್. ಮಕ್ಕಳಿಗೆ ಪೂರ್ತಿ ಸಮಯ ಸಿಗುವುದು ಏಪ್ರಿಲ್, ಮೇ ರಜೆಯಲ್ಲಿ. ಆಗಲೇ ಸಮ್ಮರ್ ಕ್ಯಾಂಪ್‌ಗಳಿಂದ ಪೂಲ್ ತುಂಬಿಹೋಗುತ್ತದೆ. ದೂರ ಈಜುವವರ ಕೋಚ್‌ಗಳಿಗೆ ಇದು ನಿಜಕ್ಕೂ ತಲೆನೋವು. ನನ್ನ ಗುಂಪಿಗೆ ಒಂದು ಬ್ಲಾಕ್, ಒಂದು ಲೇನು, ಅದರಲ್ಲೂ ಮೊದಲ 15 ಮೀಟರ್ ಇದ್ದರೆ ಅರ್ಧ ಕೆಲಸ ಆಗುತ್ತದೆ. ಒಬ್ಬರು ಧುಮುಕುವಾಗ ಉಳಿದವರಿಗೆ ಬಿಡುವು. ಎಂಟು ಮಕ್ಕಳು ಸಾಲಾಗಿ ನಿಂತರೆ ಮೂರು ನಿಮಿಷದ ಬಿಡುವು ತಾನಾಗಿಯೇ ಸಿಗುತ್ತದೆ. ಉಳಿದದ್ದು ನೆಲದ ಮೇಲೆ. ಎತ್ತರಕ್ಕೆ ಜಿಗಿತ, ಪುಲ್ ಅಪ್, ಮೆಡಿಸಿನ್ ಬಾಲ್ ಎಸೆತ. ಹದಿನಾಲ್ಕು ಹದಿನೈದು ದಾಟಿದವರಿಗೆ, ಪಕ್ಕದಲ್ಲಿ ಹೇಳಿಕೊಡುವವರಿದ್ದರೆ, ಭಾರ ಎತ್ತಿಸುವುದೂ ಉಂಟು. ಆಸ್ಟ್ರೇಲಿಯಾದ ಕ್ಯಾಮರಾನ್ ಮೆಕೆವೊಯ್ ಈಜುವ ದೂರವನ್ನು ತುಂಬಾ ಕಡಿಮೆ ಮಾಡಿ, ಜಿಮ್‌ನಲ್ಲಿ ಬಲ ಬೆಳೆಸಿಕೊಂಡು, 2024ರ ಪ್ಯಾರಿಸ್‌ನಲ್ಲಿ 21.25 ಸೆಕೆಂಡಿಗೆ 50 ಮೀಟರ್ ಚಿನ್ನ ಗೆದ್ದಾಗ ನನಗೆ ನನ್ನ ಹಳೆಯ ಸರ್ ನೆನಪಾದರು.

ನನಗೆ ಅತಿ ಹೆಚ್ಚು ಕಾಳಜಿ ಇರುವುದು ಹದಿಮೂರರಿಂದ ಹದಿನಾರರ ಹುಡುಗಿಯರ ಬಗ್ಗೆ. ಆ ವಯಸ್ಸಿನಲ್ಲಿ ಮೈ ಬದಲಾಗುತ್ತದೆ, ನೀರಿನಲ್ಲಿ ಅದರ ತೂಕ ನಿಲ್ಲುವ ರೀತಿ ಬದಲಾಗುತ್ತದೆ. ಟೈಮಿಂಗ್ ಒಂದೆರಡು ವರ್ಷ ಕದಲದೇ ಇರಬಹುದು. ಮನೆಯಲ್ಲಿ “ಇವಳದು ಇಷ್ಟೇ” ಅಂದುಬಿಡುತ್ತಾರೆ. ಅದು ನಿಜವಲ್ಲ. ಬಲ ಹೊಸ ಮೈಗೆ ತಕ್ಕಂತೆ ಬೆಳೆಯಲು ಸಮಯ ಬೇಕು, ಅಷ್ಟೇ. ಆ ಅವಧಿಯಲ್ಲಿ ಸ್ಟಾಪ್‌ವಾಚ್ ಬದಿಗಿಟ್ಟು ಡೈವ್, ಕಿಕ್, ಪುಲ್ ಅಪ್ ಎಷ್ಟು ಸುಧಾರಿಸಿದೆ ಅನ್ನುವುದನ್ನು ಬರೆದಿಡುತ್ತೇನೆ. ಮುಟ್ಟಿನ ಬಗ್ಗೆ ಹುಡುಗಿಯರ ಜೊತೆಗೂ ಅಮ್ಮಂದಿರ ಜೊತೆಗೂ ನೇರವಾಗಿ ಮಾತಾಡುತ್ತೇನೆ. ನೋವಿದ್ದರೆ ರಜೆ, ಕಾರಣ ವಿವರಿಸಬೇಕಿಲ್ಲ. ಆರಾಮಾಗಿದ್ದರೆ ಟ್ಯಾಂಪನ್ ಅಥವಾ ಕಪ್ ಬಳಸಿ ಈಜಬಹುದು, ಬಲವಂತ ಇಲ್ಲ. ನಾವು ಈಜುವಾಗ ಇದನ್ನು ಕೇಳಲು ಯಾರೂ ಇರಲಿಲ್ಲ. ಹೊಟ್ಟೆನೋವು ಅಂತ ಹೇಳಿ ಎಷ್ಟೋ ಜನ ನಿಧಾನವಾಗಿ ಬರುವುದನ್ನೇ ಬಿಟ್ಟರು.

ಆಮೇಲೆ ಎಸ್‌ಎಸ್‌ಎಲ್‌ಸಿ, ಪಿಯುಸಿ. ಒಳ್ಳೆಯ ಈಜುಗಾರರು ನಮಗೆ ಕೈತಪ್ಪುವುದು ಅಲ್ಲಿಯೇ. ಪೂರ್ತಿ ಬಿಟ್ಟು ಎರಡು ವರ್ಷದ ಮೇಲೆ ಬಂದರೆ ನೀರಿನ ಹಿಡಿತವೇ ಹೋಗಿರುತ್ತದೆ. ಅದಕ್ಕೆ ಪರೀಕ್ಷೆಯ ವರ್ಷದ ಮಕ್ಕಳಿಗೆ ವಾರಕ್ಕೆ ಮೂರು ಬೆಳಿಗ್ಗೆ, ಮುಕ್ಕಾಲು ಗಂಟೆಯ ಅಭ್ಯಾಸ ಇಟ್ಟಿದ್ದೇನೆ. ಹತ್ತು ನಿಮಿಷ ವಾರ್ಮ್ ಅಪ್, ಬ್ಲಾಕ್‌ನಿಂದ ಆರು ಸಲ 15 ಮೀಟರ್, ಎರಡು ಸಲ 25 ಮೀಟರ್, ಸ್ವಲ್ಪ ಸಲೀಸಾದ ಈಜು, ಅಷ್ಟೇ. ಏಳು ಗಂಟೆಗೆ ಮನೆಯಲ್ಲಿ ತಿಂಡಿ ತಿಂದು ಪುಸ್ತಕ ಹಿಡಿಯಬಹುದು. ಇದರಿಂದ ಟೈಮಿಂಗ್ ದೊಡ್ಡದಾಗಿ ಇಳಿಯುವುದಿಲ್ಲ, ಆದರೆ ಕಲಿತ ವೇಗ ಉಳಿಯುತ್ತದೆ. ಹಾಗಾಗಿ ಮಗಳನ್ನೋ ಮಗನನ್ನೋ ಓದಿಗಾಗಿ ಈಜಿನಿಂದ ಬಿಡಿಸುವ ಮುಂಚೆ ಒಂದು ಸಲ ಕೋಚ್ ಹತ್ತಿರ ಕೂತು ಮಾತಾಡಿ. ವಾರದಲ್ಲಿ ಯಾವ ಮೂರು ಬೆಳಿಗ್ಗೆ ಟ್ಯೂಷನ್ ಇಲ್ಲ ಅನ್ನುವುದನ್ನು ಹೇಳಿದರೆ ಸಾಕು, ಉಳಿದ ಲೆಕ್ಕ ನಾವು ಹಾಕುತ್ತೇವೆ.