ರಿಸೀವರ್‌ನಲ್ಲಿ ಬದಲಿ ನೆಟ್‌ವರ್ಕ್ ಇನ್‌ಪುಟ್ ಹೊಂದಿಸುವಾಗ ಗಮನಿಸಬೇಕಾದದ್ದು
ಡಿಜಿಟಲ್ ವಿಡಿಯೊ ರಿಸೀವರ್‌ಗೆ ಐಪಿ ಮೂಲಕ ಎರಡು ಇನ್‌ಪುಟ್ ಕೊಡುವವರು, ಎರಡೂ ಕೇಬಲ್‌ಗಳು ಕೊನೆಗೆ ಒಂದೇ ಸ್ವಿಚ್‌ಗೆ ಹೋಗಿ ಸೇರುತ್ತಿಲ್ಲವೇ ಎಂಬುದನ್ನು ಮೊದಲು ನೋಡಿಕೊಳ್ಳಬೇಕು. ಸೇರುತ್ತಿದ್ದರೆ ಅದು ಹೆಸರಿಗೆ ಮಾತ್ರ ಬದಲಿ ವ್ಯವಸ್ಥೆ. ಎರಡು ಪೋರ್ಟ್‌ಗಳಿಗೂ ಬೇರೆ ಬೇರೆ ಸಬ್‌ನೆಟ್ (ಐಪಿ ವಿಳಾಸಗಳ ಗುಂಪು) ಕೊಡಿ.

ಇನ್‌ಪುಟ್ ಯಾವಾಗ ಬದಲಾಗಬೇಕು ಎಂಬ ನಿಯಮದ ಆಯ್ಕೆಯೇ ಇಲ್ಲಿ ನಿಜವಾದ ಕೆಲಸ. ಲಿಂಕ್ ಕಡಿತವೊಂದನ್ನೇ ನಂಬಿದರೆ, ಕೇಬಲ್ ಸರಿಯಿದ್ದು ಮಲ್ಟಿಕಾಸ್ಟ್ (ಒಂದೇ ಸ್ಟ್ರೀಮನ್ನು ಹಲವು ರಿಸೀವರ್‌ಗಳಿಗೆ ಒಟ್ಟಿಗೆ ಕಳಿಸುವ ವಿಧಾನ) ಮಾತ್ರ ನಿಂತುಹೋದಾಗ ರಿಸೀವರ್ ಖಾಲಿ ಇನ್‌ಪುಟ್‌ನಲ್ಲೇ ಕುಳಿತಿರುತ್ತದೆ. ಆದ್ದರಿಂದ ಟ್ರಾನ್ಸ್‌ಪೋರ್ಟ್ ಸ್ಟ್ರೀಮ್‌ನ (ಚಿತ್ರ, ಧ್ವನಿಯನ್ನು ಹೊತ್ತು ತರುವ ಡೇಟಾ ಹರಿವಿನ) ಸಿಂಕ್ ನಷ್ಟವನ್ನೂ ಪ್ಯಾಕೆಟ್ ಬಾರದಿರುವುದನ್ನೂ ನಿಯಮದಲ್ಲಿ ಸೇರಿಸುವುದು ಒಳ್ಳೆಯದು. ಎನ್‌ಕೋಡರ್ (ಚಿತ್ರವನ್ನು ಸ್ಟ್ರೀಮ್ ಆಗಿಸಿ ಕಳಿಸುವ ಸಾಧನ) ಕಪ್ಪು ಚಿತ್ರವನ್ನೇ ಕಳಿಸುತ್ತಿದ್ದರೆ ಇವೆರಡೂ ಅದನ್ನು ಹಿಡಿಯಲಾರವು. ಮೂಲ ಇನ್‌ಪುಟ್‌ಗೆ ಮರಳುವ ಮುನ್ನ 30 ಸೆಕೆಂಡ್‌ನಷ್ಟಾದರೂ ಸ್ಥಿರತೆಯನ್ನು ಕಾಯುವಂತೆ ಹೊಂದಿಸಿ, ಇಲ್ಲವಾದರೆ ತೊಳಲಾಡುವ ಲಿಂಕ್ ಚಿತ್ರವನ್ನು ಮತ್ತೆ ಮತ್ತೆ ಕಡಿಯುತ್ತದೆ. ನನ್ನ ಮಟ್ಟಿಗೆ, ಮರಳುವಿಕೆಯನ್ನು ಕೈಯಿಂದಲೇ ಮಾಡುವುದು ಇನ್ನೂ ನೆಮ್ಮದಿ.

ಚಿತ್ರ ಕ್ಷಣವೂ ಕಡಿಯಬಾರದೆಂದಿದ್ದರೆ ಎಸ್‌ಎಂಪಿಟಿಇ 2022-7 ಎಂಬ ಮಾನದಂಡದ ವ್ಯವಸ್ಥೆ ಬೇಕು. ಇದರಲ್ಲಿ ಎರಡೂ ದಾರಿಗಳ ಆರ್‌ಟಿಪಿ (ಪ್ರತಿ ಪ್ಯಾಕೆಟ್‌ಗೂ ಕ್ರಮಸಂಖ್ಯೆ ಹಾಕುವ ರವಾನೆ ವಿಧಾನ) ಪ್ಯಾಕೆಟ್‌ಗಳನ್ನು ಅವುಗಳ ಕ್ರಮಸಂಖ್ಯೆಯ ಆಧಾರದಲ್ಲಿ ಜೋಡಿಸಲಾಗುವುದರಿಂದ, ಎರಡೂ ಒಂದೇ ಮೂಲದ ತದ್ರೂಪು ಪ್ರತಿಗಳಾಗಿರಲೇಬೇಕು. ಎರಡು ಸ್ವತಂತ್ರ ಎನ್‌ಕೋಡರ್‌ಗಳಿಂದಾಗಲಿ, ಆರ್‌ಟಿಪಿ ಇಲ್ಲದ ಬರೀ ಯುಡಿಪಿಯಿಂದಾಗಲಿ (ಕ್ರಮಸಂಖ್ಯೆಯಿಲ್ಲದ ಸರಳ ರವಾನೆ ವಿಧಾನ) ಇದು ಸಾಧ್ಯವಿಲ್ಲ. ದಾರಿಗಳ ನಡುವಿನ ವಿಳಂಬದ ವ್ಯತ್ಯಾಸವನ್ನು ಅಳೆದು, ಬಫರನ್ನು (ಪ್ಯಾಕೆಟ್‌ಗಳನ್ನು ಸ್ವಲ್ಪ ಹೊತ್ತು ಹಿಡಿದಿಡುವ ಜಾಗ) ಅದಕ್ಕಿಂತ ಹೆಚ್ಚಿಗೆ ಇಡಿ.

ಪರೀಕ್ಷಿಸುವಾಗ ಕೇಬಲ್ ಕಿತ್ತು ನೋಡಿದರೆ ಸಾಲದು, ಕೇಬಲ್ ಹಾಗೆಯೇ ಇರುವಾಗ ಮೂಲದಲ್ಲೇ ಸ್ಟ್ರೀಮ್ ನಿಲ್ಲಿಸಿಯೂ ನೋಡಿ.